ಅಡಿಯ ನುಡಿ

ಕನ್ನಡದಲ್ಲಿ ‘ಅಡಿ’ ಎಂಬ ಮಾತಿಗೆ ಸಂದಿರುವಷ್ಟು ಗೌರವ ಶರೀರದ ಬೇರೆ ಯಾವ ಅಂಗದ ಹೆಸರಿಗೂ ಸಂದಂತೆ ತೋರುವುದಿಲ್ಲ. ಹಿರಿಯರಿಗೆ ನಾವು ಎರಗುವುದು ಅಡಿಗೆ. ಭರತನು ಹದಿನಾಲ್ಕು ವರ್ಷ ಸಿಂಹಾಸನದ ಮೇಲಿರಿಸಿ ರಾಜ್ಯವಾಳಿದ್ದು ಅಣ್ಣನ ಪಾದುಕೆಗಳನ್ನು. ಪದ್ಯದ ಸಾಲಿಗೆ ನಮ್ಮ ಛಂದಶ್ಶಾಸ್ತ್ರಜ್ಞರು ಇತ್ತ ಹೆಸರೂ ಪಾದವೆಂದೇ. ಶ್ರವಣಬೆಳಗೊಳದಲ್ಲಿ ಬೆಟ್ಟದ ಮೆಟ್ಟಿಲುಗಳನ್ನೆಲ್ಲ ಏರಿ ಬಂದ ಯಾತ್ರಿಕನಿಗೆ ಗೊಮ್ಮಟನ ಮುಖ ದೂರದ ದರ್ಶನವಾದರೆ, ಕೈಗೆಟುಕುವ ಸನ್ನಿಧಿ ಅವನ ಪಾದವೇ. ಹೀಗೆ ನಮ್ಮ ಭಕ್ತಿಯೂ ಕಾವ್ಯವೂ ಪಾದದ ಬಳಿಯಲ್ಲೇ ನೆಲೆಗೊಂಡಿವೆ.

ಆದರೆ ಈ ಗೌರವದಲ್ಲಿ ಒಂದು ಕೊರತೆಯುಂಟು. ಪಾದಕ್ಕೆರಗುವವನು ಪಾದವನ್ನು ನೋಡುವುದಿಲ್ಲ. ಕಣ್ಣು ಮುಚ್ಚಿ ಮುಟ್ಟುತ್ತಾನೆ, ಆಶೀರ್ವಾದ ಪಡೆದು ಏಳುತ್ತಾನೆ. ಈ ಮಾತನ್ನು ನಾನು ಬೇರೆಯವರನ್ನು ಆಕ್ಷೇಪಿಸುವುದಕ್ಕಾಗಿ ಹೇಳುತ್ತಿಲ್ಲ. ನನ್ನ ತಂದೆಯವರ ಪಾದಗಳು ನಾಲ್ಕು ವರ್ಷಗಳ ಕಾಲ ನನ್ನೊಡನೆ ಮಾತನಾಡುತ್ತಿದ್ದುವು. ಶಬ್ದಾರ್ಥಗಳ ಬೋಧನೆಯೇ ಜೀವನೋಪಾಯವಾಗಿರುವ ನನಗೆ ಆ ಮಾತು ಕೇಳಿಸಲಿಲ್ಲ. ಅದನ್ನು ಹೇಳುವುದಕ್ಕಾಗಿಯೇ ಈ ಲೇಖನ.

ನಮ್ಮ ತಂದೆಯವರು ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ಉಪಾಧ್ಯಾಯರಾಗಿದ್ದು ನಿವೃತ್ತರಾದವರು. ದಿನವೂ ಸಂಜೆ ಮನೆಯಿಂದ ಊರ ಹೊರಗಿನ ಈಶ್ವರ ದೇವಸ್ಥಾನದವರೆಗೆ, ಅಂದರೆ ಸುಮಾರು ಅರ್ಧ ಮೈಲಿ, ನಡೆದು ಹೋಗಿಬರುವುದು ಅವರ ನೇಮ. ದಾರಿಯ ನಡುವೆ ಒಂದು ಅರಳಿಕಟ್ಟೆ. ಅದರ ಮಗ್ಗುಲಲ್ಲಿ ಅರ್ಧ ಹೂತುಹೋದ ಒಂದು ವೀರಗಲ್ಲು. ೨೦೧೦ರ ಬೇಸಗೆಯ ರಜೆಯಲ್ಲಿ ನಾನು ಅವರ ಜೊತೆ ಹೊರಟಾಗ, ಆ ವೀರಗಲ್ಲಿನ ಮುಂದೆ ಅವರು ಎರಡು ಮೂರು ನಿಮಿಷ ನಿಂತರು. ಮರುದಿನವೂ ನಿಂತರು, ಅದರ ಮರುದಿನವೂ ನಿಂತರು. ಸವೆದ ಅಕ್ಷರಗಳನ್ನು ಬಿಡಿಸಿ ಓದುವ ಪ್ರಯತ್ನದಲ್ಲಿದ್ದಾರೆಂದು ತಿಳಿದು ನನಗೆ ಪರಮಾನಂದವಾಯಿತು. ಕಾಲೇಜು ತೆರೆದ ಮೇಲೆ ತರಗತಿಯಲ್ಲಿ ಶಾಸನಗಳ ವಿಷಯ ಬಂದಾಗಲೆಲ್ಲ, ‘ನಮ್ಮ ತಂದೆಯವರು ಈ ವಯಸ್ಸಿನಲ್ಲಿಯೂ ದಿನಕ್ಕೊಮ್ಮೆ ಒಂದು ಕಲ್ಲನ್ನು ಓದುತ್ತಾರೆ’ ಎಂದು ವಿದ್ಯಾರ್ಥಿಗಳ ಮುಂದೆ ಅಭಿಮಾನದಿಂದ ಹೇಳಿಕೊಳ್ಳುತ್ತಿದ್ದೆ.

ಮುಂದಿನ ವರ್ಷ ಅವರು ವೀರಗಲ್ಲಿಗಿಂತ ಹಿಂದೆಯೇ, ಸೇದುವ ಬಾವಿಯ ಕಟ್ಟೆಯ ಬಳಿ ಒಮ್ಮೆ ನಿಲ್ಲತೊಡಗಿದರು. ಅಲ್ಲಿ ನೀರು ಸೇದುವವರೊಡನೆ ನಾಲ್ಕು ಮಾತನಾಡುವ ಸೌಜನ್ಯವೆಂದು ನಾನು ತಿಳಿದೆ. ಅದರ ಮುಂದಿನ ವರ್ಷ, ನಮ್ಮ ಮನೆಯಿಂದ ನಾಲ್ಕನೆಯ ಮನೆಯ ಜಗಲಿಯ ಮೇಲೆ ಕುಳಿತೇ ಮುಂದೆ ಹೋಗುತ್ತಿದ್ದರು. ಅದು ಹಳೆಯ ಸ್ನೇಹಿತರ ಮನೆ. ಆದ್ದರಿಂದ ಅದಕ್ಕೂ ನನ್ನ ಬಳಿ ಒಂದು ಅರ್ಥ ಸಿದ್ಧವಾಗಿತ್ತು. ಒಂದೊಂದು ನಿಲುಗಡೆಗೆ ಒಂದೊಂದು ಭಾಷ್ಯವನ್ನು ನಾನು ಬರೆದುಕೊಂಡೆ. ಆದರೆ ಆ ನಿಲುಗಡೆಗಳು ವರ್ಷದಿಂದ ವರ್ಷಕ್ಕೆ ಮನೆಯ ಕಡೆಗೆ ಸರಿದು ಬರುತ್ತಿವೆ ಎಂಬ ಒಂದು ಸಾಮಾನ್ಯ ಸಂಗತಿ ನನಗೆ ಹೊಳೆಯಲಿಲ್ಲ.

೨೦೧೩ರ ಯುಗಾದಿಯ ದಿನ ನಮಸ್ಕರಿಸಿದಾಗ ಅವರ ಬಲಗಾಲು ಕೈಗೆ ತಣ್ಣಗೆ ಹತ್ತಿತು. ಎಡಗಾಲು ಅಷ್ಟು ತಣ್ಣಗಿರಲಿಲ್ಲ. ‘ಏನಪ್ಪಾ, ಕಾಲು ಇಷ್ಟು ತಣ್ಣಗಿದೆ?’ ಎಂದೆ. ‘ಈಗ ತಾನೇ ಸ್ನಾನ ಮಾಡಿ ಬಂದೆನಲ್ಲ’ ಎಂದರು. ಒಂದೇ ನೀರಿನಲ್ಲಿ ಮಿಂದ ಎರಡು ಕಾಲುಗಳಲ್ಲಿ ಒಂದು ಮಾತ್ರ ತಣ್ಣಗಿರುವುದು ಹೇಗೆಂದು ನಾನು ಕೇಳಬೇಕಾಗಿತ್ತು. ಕೇಳಲಿಲ್ಲ. ಆ ಕಾಲಿನ ಕೂದಲೆಲ್ಲ ಉದುರಿ ಚರ್ಮ ನುಣುಪಾಗಿ ಹೊಳೆಯುತ್ತಿದ್ದುದೂ ಹೆಬ್ಬೆರಳಿನ ಉಗುರು ದಪ್ಪಗಟ್ಟಿ ಹಳದಿಯಾಗಿದ್ದುದೂ ಕಣ್ಣಿಗೆ ಬಿದ್ದಿದ್ದರೂ ಬುದ್ಧಿಗೆ ತಾಗಲಿಲ್ಲ. ಆ ಮಳೆಗಾಲದಲ್ಲಿ ಅವರು ರಾತ್ರಿ ಮಂಚದಿಂದ ಕಾಲು ಇಳಿಬಿಟ್ಟು ಕುಳಿತೇ ತೂಕಡಿಸುತ್ತಾರೆಂದು ತಾಯಿಯವರು ಹೇಳಿದರು. ‘ವಾಯು ಇರಬೇಕು, ವಯಸ್ಸಾಯಿತಲ್ಲ’ ಎಂದು ಮನೆಮಂದಿಯೆಲ್ಲ ತೀರ್ಮಾನಿಸಿದೆವು. ನಾನು ನನ್ನ ಪಿತೃಭಕ್ತಿಗೆ ಕುರುಹಾಗಿ ಪಟ್ಟಣದಿಂದ ಒಂದು ರಬ್ಬರಿನ ಬಿಸಿನೀರಿನ ಚೀಲವನ್ನು ಕೊಂಡು ಒಯ್ದು, ತಣ್ಣಗಿದ್ದ ಆ ಪಾದಕ್ಕೆ ನನ್ನ ಕೈಯಿಂದಲೇ ಶಾಖ ಕೊಟ್ಟೆ.

ಬೆಳಗಾಗುವಷ್ಟರಲ್ಲಿ ಕಿರುಬೆರಳಿನ ಪಕ್ಕದಲ್ಲಿ ಬೊಬ್ಬೆಯೆದ್ದಿತ್ತು. ಬೊಬ್ಬೆ ಒಡೆಯಿತು, ಹುಣ್ಣಾಯಿತು. ಅರಿಶಿನ ಹಚ್ಚಿದೆವು, ಮುಲಾಮು ಹಚ್ಚಿದೆವು. ಮೂರು ವಾರ ಕಳೆದರೂ ಮಾಯಲಿಲ್ಲ. ನಾಲ್ಕನೆಯ ವಾರದಲ್ಲಿ ಬೆರಳಿನ ತುದಿ ಕಪ್ಪಗಾಯಿತು.

ನಗರದ ಆಸ್ಪತ್ರೆಯಲ್ಲಿ ನಾವು ಕಂಡ ವೈದ್ಯರು ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಅವರು ಹುಣ್ಣನ್ನು ನೋಡುವ ಮೊದಲು ತಂದೆಯವರ ಮುಖವನ್ನು ನೋಡಿ, ‘ಯಜಮಾನರೇ, ಎಷ್ಟು ದೂರ ನಡೆದರೆ ಮೀನಖಂಡದಲ್ಲಿ ನೋವು ಬರುತ್ತದೆ?’ ಎಂದು ಕೇಳಿದರು.

‘ನಾಲ್ಕನೆಯ ಮನೆಯ ಜಗಲಿಯವರೆಗೆ.’

‘ಹೋದ ವರ್ಷ?’

‘ಬಾವಿಕಟ್ಟೆಯವರೆಗೆ ತೊಂದರೆಯಿರಲಿಲ್ಲ.’

‘ಅದಕ್ಕೂ ಹಿಂದೆ?’

‘ವೀರಗಲ್ಲಿನವರೆಗೆ. ಅಲ್ಲಿ ಎರಡು ನಿಮಿಷ ನಿಂತರೆ ಹೋಗಿಬಿಡುತ್ತಿತ್ತು.’

ಲೆಕ್ಕ ಅವರಲ್ಲಿತ್ತು. ಶಾಲೆಯ ಹಾಜರಿ ಪುಸ್ತಕದಷ್ಟು ಕಟ್ಟುನಿಟ್ಟಾಗಿ ಅವರು ಅದನ್ನು ಮನಸ್ಸಿನಲ್ಲಿ ಬರೆದಿಟ್ಟಿದ್ದರು. ‘ನನಗೇಕೆ ಹೇಳಲಿಲ್ಲ, ಅಪ್ಪ?’ ಎಂದೆ. ‘ಮುಪ್ಪಿಗೆ ಇದೆಲ್ಲ ಇದ್ದದ್ದೇ ಅಂದುಕೊಂಡೆ ಕಣೋ’ ಎಂದರು.

ವೈದ್ಯರು ಪಾದದ ಮೇಲ್ಭಾಗದಲ್ಲಿಯೂ ಒಳಹರಡಿನ ಹಿಂದೆಯೂ ಬೆರಳಿಟ್ಟು ನಾಡಿಯನ್ನು ಹುಡುಕಿದರು. ನಾಡಿ ಮಣಿಕಟ್ಟಿನಲ್ಲಿ ಮಾತ್ರ ಇರುವುದೆಂದು ತಿಳಿದಿದ್ದ ನನಗೆ ಅದೊಂದು ಹೊಸ ಪಾಠ. ಎಡಗಾಲಿನಲ್ಲಿ ಅದು ಮೆಲ್ಲಗೆ ಸಿಕ್ಕಿತು. ಬಲಗಾಲಿನಲ್ಲಿ ಸಿಗಲೇ ಇಲ್ಲ. ಬಳಿಕ ತೋಳಿನಲ್ಲಿ ರಕ್ತದ ಒತ್ತಡವನ್ನು ಅಳೆದಂತೆಯೇ ಕಾಲಿನ ಹರಡಿನ ಮೇಲೂ ಪಟ್ಟಿ ಸುತ್ತಿ ಅಳೆದರು. ತೋಳಿನಲ್ಲಿ ೧೬೦, ಕಾಲಿನಲ್ಲಿ ೬೪. ಕಾಲಿನ ಸಂಖ್ಯೆಯನ್ನು ತೋಳಿನ ಸಂಖ್ಯೆಯಿಂದ ಭಾಗಿಸಿದರೆ ಆರೋಗ್ಯವಂತರಲ್ಲಿ ಭಾಗಲಬ್ಧ ಒಂದು, ಇಲ್ಲವೇ ಒಂದಕ್ಕಿಂತ ತುಸು ಹೆಚ್ಚು ಬರಬೇಕು. ೦.೯ ಅಥವಾ ಅದಕ್ಕಿಂತ ಕಡಮೆಯಾದರೆ ಕಾಲಿನ ರಕ್ತನಾಳ ಕಿರಿದಾಗಿದೆಯೆಂದು ಅರ್ಥ. ನಮ್ಮ ತಂದೆಯವರ ಲೆಕ್ಕ ೦.೪ಕ್ಕೆ ಇಳಿದಿತ್ತು.

ಈ ರೋಗದ ಕಥೆಯನ್ನು ಆಮೇಲೆ ನಾನು ಪುಸ್ತಕಗಳಿಂದಲೂ ವೈದ್ಯಮಿತ್ರರಿಂದಲೂ ಕಲಿತೆ. ರಕ್ತವು ಹೃದಯದಿಂದ ಹೊರಟು ಹೃದಯಕ್ಕೇ ಮರಳುವ ನಿರಂತರ ಯಾತ್ರಿಕನೆಂಬುದನ್ನು ಇಂಗ್ಲೆಂಡಿನ ವಿಲಿಯಂ ಹಾರ್ವೆ ೧೬೨೮ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಸ್ಥಾಪಿಸಿದನು. ಹೋಗುವ ನಾಳಕ್ಕೂ ಬರುವ ನಾಳಕ್ಕೂ ನಡುವಣ ಸೇತುವೆಯನ್ನು ಮಾತ್ರ ಅವನು ಕಾಣಲಿಲ್ಲ. ಅವನು ತೀರಿಕೊಂಡ ನಾಲ್ಕು ವರ್ಷಗಳ ಮೇಲೆ, ೧೬೬೧ರಲ್ಲಿ, ಇಟಲಿಯ ಮಾಲ್ಪೀಗಿ ಕಪ್ಪೆಯ ಶ್ವಾಸಕೋಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಕೂದಲಿಗಿಂತ ಸಣ್ಣವಾದ ಲೋಮನಾಳಗಳನ್ನು ಕಂಡನು. ಈ ಯಾತ್ರೆಯಲ್ಲಿ ಹೃದಯಕ್ಕೆ ಅತಿ ದೂರದ ಕ್ಷೇತ್ರ ಪಾದದ ಬೆರಳು. ಕಾಲುವೆಯಲ್ಲಿ ಹೂಳು ತುಂಬಿದರೆ ಮೊದಲು ಒಣಗುವುದು ಕೊನೆಯ ಗದ್ದೆಯೆಂಬುದು ರೈತರಿಗೆಲ್ಲ ತಿಳಿದ ಸಂಗತಿ. ಶುದ್ಧರಕ್ತವನ್ನು ಒಯ್ಯುವ ಅಪಧಮನಿಗಳ ಒಳಗೋಡೆಯಲ್ಲಿ ಕೊಬ್ಬಿನ ಜಿಡ್ಡು ಕಟ್ಟಿ ದಾರಿ ಕಿರಿದಾದರೆ, ಕೊನೆಯ ಗದ್ದೆಯ ಪಾಡು ಪಾದಕ್ಕೆ ಬರುತ್ತದೆ.

ಕುಳಿತಾಗ ಕಾಲಿನ ಸ್ನಾಯುಗಳಿಗೆ ಬೇಕಾಗುವ ರಕ್ತ ಸ್ವಲ್ಪ. ಕಿರಿದಾದ ನಾಳವೂ ಅಷ್ಟನ್ನು ಒದಗಿಸಬಲ್ಲುದು. ನಡೆಯತೊಡಗಿದರೆ ಬೇಡಿಕೆ ಹಲವು ಪಟ್ಟು ಏರುತ್ತದೆ, ಸರಬರಾಜು ಏರುವುದಿಲ್ಲ. ಆಗ ಮೀನಖಂಡ ಹಿಡಿದಂತಾಗಿ ನೋಯುತ್ತದೆ. ನಿಂತರೆ ಕೆಲವು ನಿಮಿಷಗಳಲ್ಲಿ ನೋವು ಅಡಗುತ್ತದೆ. ಫ್ರಾನ್ಸಿನ ಪಶುವೈದ್ಯ ಬೂಲೆ ೧೮೩೧ರಲ್ಲಿ ಇದನ್ನು ಮೊದಲು ವರ್ಣಿಸಿದ್ದು ಒಂದು ಕುದುರೆಯಲ್ಲಿ. ಅದೇ ದೇಶದ ಶಾರ್ಕೋ ಎಂಬ ವೈದ್ಯ ಅದನ್ನು ಮನುಷ್ಯನಲ್ಲಿ ಗುರುತಿಸಿ ಬರೆದದ್ದು ೧೮೫೮ರಲ್ಲಿ. ಪದ್ಯದ ಪಾದದ ನಡುವೆ ಬರುವ ನಿಲುಗಡೆಗೆ ನಾವು ಯತಿಯೆನ್ನುತ್ತೇವೆ. ತಂದೆಯವರ ನಡಿಗೆಯಲ್ಲಿದ್ದ ಯತಿಯನ್ನು ಛಂದಸ್ಸಿನ ಅಧ್ಯಾಪಕನಾದ ನಾನು ಗುರುತಿಸಲಿಲ್ಲ; ಕುದುರೆಯ ಕಾಲನ್ನು ನೋಡಿದ ಪಶುವೈದ್ಯ ಗುರುತಿಸಿದ್ದ.

ಕಾವ್ಯಕ್ಕೆ ಲಕ್ಷಣವಿರುವಂತೆ ರೋಗಕ್ಕೂ ಲಕ್ಷಣವೆಂಬ ಮಾತನ್ನೇ ನಾವು ಬಳಸುತ್ತೇವೆ. ಹಾಗಾದರೆ ಪಾದದ ಲಕ್ಷಣಗ್ರಂಥವನ್ನು ಓದುವ ಕ್ರಮ ಹೇಗೆ? ಮುಖ್ಯವಾಗಿ ಎರಡು ಪ್ರಕರಣಗಳನ್ನು ಬೇರ್ಪಡಿಸಿಕೊಳ್ಳಬೇಕು: ರಕ್ತ ಪಾದವನ್ನು ತಲುಪದಿರುವುದು ಒಂದು, ತಲುಪಿದ ರಕ್ತ ಹಿಂದಿರುಗದಿರುವುದು ಇನ್ನೊಂದು.

ತಲುಪದಿದ್ದರೆ ಪಾದ ತಣ್ಣಗಾಗುತ್ತದೆ. ಅದರಲ್ಲೂ ಒಂದು ಪಾದ ಇನ್ನೊಂದಕ್ಕಿಂತ ತಣ್ಣಗಿದ್ದರೆ ಉಪೇಕ್ಷಿಸಬಾರದು. ಕೂದಲು ಉದುರುತ್ತದೆ, ಚರ್ಮ ತೆಳುವಾಗಿ ಹೊಳೆಯುತ್ತದೆ, ಉಗುರು ದಪ್ಪವಾಗಿ ನಿಧಾನವಾಗಿ ಬೆಳೆಯುತ್ತದೆ. ಮಲಗಿ ಕಾಲನ್ನು ಮೇಲೆತ್ತಿದರೆ ಪಾದ ಬಿಳಿಚಿಕೊಳ್ಳುತ್ತದೆ, ಇಳಿಬಿಟ್ಟರೆ ಕಪ್ಪುಗೆಂಪಾಗುತ್ತದೆ. ಹೆಬ್ಬೆರಳನ್ನು ಒತ್ತಿ ಬಿಟ್ಟರೆ ಎರಡು ಮೂರು ಸೆಕೆಂಡುಗಳಲ್ಲಿ ಮರಳಬೇಕಾದ ಕೆಂಪು ತಡವಾಗಿ ಮರಳುತ್ತದೆ. ರೋಗ ಬಲಿತಾಗ ರಾತ್ರಿ ಮಲಗಿದರೂ ಬೆರಳುಗಳಲ್ಲಿ ಉರಿ. ಕಾಲನ್ನು ಇಳಿಬಿಟ್ಟರೆ ಭೂಮಿಯ ಆಕರ್ಷಣೆ ಒಂದಿಷ್ಟು ರಕ್ತವನ್ನು ಕೆಳಗೆಳೆಯುವುದರಿಂದ ಸಮಾಧಾನ. ನಮ್ಮ ತಂದೆಯವರು ಕುಳಿತು ತೂಕಡಿಸುತ್ತಿದ್ದುದರ ಅರ್ಥ ಇದು. ಕೊನೆಯದು ಬೆರಳ ತುದಿಯಲ್ಲಿಯೋ ಹಿಮ್ಮಡಿಯಲ್ಲಿಯೋ ಏಳುವ, ಮಾಯದ ಹುಣ್ಣು. ಅಂಥ ಪಾದಕ್ಕೆ ಶಾಖ ಕೊಡುವುದು ಸರ್ವಥಾ ಕೂಡದು. ಬಿಸಿಯನ್ನು ಸಾಗಿಸಿಬಿಡಲು ಸಾಕಷ್ಟು ರಕ್ತವಿಲ್ಲದ ಚರ್ಮ, ಆರೋಗ್ಯವಂತನಿಗೆ ಹಿತವೆನಿಸುವ ಬಿಸಿಗೂ ಸುಟ್ಟುಹೋಗುತ್ತದೆ. ಈ ಒಂದು ವಾಕ್ಯ ಆಗ ನನಗೆ ತಿಳಿದಿದ್ದರೆ!

ಎರಡನೆಯ ಪ್ರಕರಣ ನಮ್ಮ ಅಧ್ಯಾಪಕ ವೃತ್ತಿಯವರಿಗೆ ಹೆಚ್ಚು ಹತ್ತಿರದ್ದು. ಕೆಳಗಿಳಿದ ರಕ್ತ ಅಭಿಧಮನಿಗಳ ಮೂಲಕ ಮೇಲಕ್ಕೆ ಏರಬೇಕು. ಅದನ್ನು ಏರಿಸುವುದು ಮೀನಖಂಡದ ಸ್ನಾಯು. ಹೆಜ್ಜೆಯಿಟ್ಟಾಗಲೆಲ್ಲ ಅದು ನಾಳಗಳನ್ನು ಹಿಂಡುತ್ತದೆ. ಹಿಂಡಿದ ರಕ್ತ ಮತ್ತೆ ಕೆಳಕ್ಕೆ ಜಾರದಂತೆ ನಾಳದೊಳಗಿನ ಪುಟ್ಟ ಕವಾಟಗಳು ತಡೆಯುತ್ತವೆ. ಗಂಟೆಗಟ್ಟಲೆ ಕರಿಹಲಗೆಯ ಮುಂದೆ ಅಲುಗಾಡದೆ ನಿಲ್ಲುವವರಲ್ಲಿ ಈ ಪಂಪು ಕೆಲಸಮಾಡದೆ, ಕಾಲಕ್ರಮದಲ್ಲಿ ಕವಾಟಗಳು ಸಡಿಲವಾಗಬಹುದು. ಆಗ ಸಂಜೆಯ ಹೊತ್ತಿಗೆ ಪಾದ ಊದಿ ಚಪ್ಪಲಿ ಬಿಗಿಯಾಗುತ್ತದೆ, ಕಾಲು ಭಾರವೆನಿಸುತ್ತದೆ, ನೀಲಿ ನರಗಳು ಗಂಟುಗಂಟಾಗಿ ಉಬ್ಬುತ್ತವೆ, ಹರಡಿನ ಸುತ್ತ ಚರ್ಮ ಕಂದುಬಣ್ಣಕ್ಕೆ ತಿರುಗಿ ತುರಿಸುತ್ತದೆ. ಇಲ್ಲಿ ಹುಣ್ಣೇಳುವುದು ಸಾಮಾನ್ಯವಾಗಿ ಒಳಹರಡಿನ ಮೇಲ್ಗಡೆ. ಇಲ್ಲಿ ಸಮಾಧಾನ ಸಿಕ್ಕುವುದು ಕಾಲನ್ನು ಮೇಲಕ್ಕೆತ್ತಿದಾಗ, ಇಳಿಬಿಟ್ಟಾಗಲ್ಲ. ಇಳಿಬಿಟ್ಟರೆ ಸುಖವೋ ಎತ್ತಿದರೆ ಸುಖವೋ ಎಂಬ ಒಂದು ಪ್ರಶ್ನೆ ಎರಡು ಪ್ರಕರಣಗಳ ನಡುವಣ ವ್ಯತ್ಯಾಸವನ್ನು ಬಹುಮಟ್ಟಿಗೆ ಸೂಚಿಸಿಬಿಡುತ್ತದೆ.

ಹಾಗೆಂದು ಪ್ರತಿಯೊಂದು ಚಿಹ್ನೆಗೂ ಒಂದೇ ಅರ್ಥವೆಂದು ತಿಳಿಯಬಾರದು. ಚಳಿಗಾಲದಲ್ಲಿ ಯಾರ ಪಾದವಾದರೂ ತಣ್ಣಗಾದೀತು. ಎರಡು ಪಾದಗಳೂ ಊದಿದರೆ ಹೃದಯದ ಅಥವಾ ಮೂತ್ರಪಿಂಡದ ದೌರ್ಬಲ್ಯವೂ ಕಾರಣವಾಗಿರಬಹುದು. ನಡೆಯುವಾಗ ಬಂದ ನೋವು ನಿಂತರೆ ಹೋಗದೆ, ಕುಳಿತರೆ ಅಥವಾ ಮುಂದಕ್ಕೆ ಬಾಗಿದರೆ ಮಾತ್ರ ಹೋಗುವುದಾದರೆ ಅದರ ಮೂಲ ಬೆನ್ನುಮೂಳೆಯೊಳಗಿನ ನರಗಳಲ್ಲಿರಬಹುದು. ಸಂದರ್ಭವನ್ನು ಬಿಟ್ಟು ಪದಕ್ಕೆ ಅರ್ಥ ಹೇಳುವವನು ಒಳ್ಳೆಯ ವ್ಯಾಖ್ಯಾನಕಾರನಲ್ಲ. ವೈದ್ಯರ ಬಳಿ ಹೋಗಬೇಕಾದದ್ದು ಈ ಕಾರಣದಿಂದಲೇ. ನಮ್ಮ ಕೆಲಸ ಚಿಹ್ನೆಯನ್ನು ಗಮನಿಸಿ ಅವರ ಮುಂದಿಡುವುದು.

ಎಲ್ಲಕ್ಕಿಂತ ಅಪಾಯಕರವಾದದ್ದು ಮೌನವಾಗಿರುವ ಪಾದ. ಸಕ್ಕರೆ ಕಾಯಿಲೆ ಬಹುಕಾಲದಿಂದ ಇರುವವರಲ್ಲಿ ರಕ್ತನಾಳಗಳೂ ಕೆಡುತ್ತವೆ, ನೋವನ್ನು ತಿಳಿಸುವ ನರಗಳೂ ಕೆಡುತ್ತವೆ. ಮುಳ್ಳು ಚುಚ್ಚಿದರೂ ಚಪ್ಪಲಿ ಕಚ್ಚಿದರೂ ಅವರಿಗೆ ಅರಿವಾಗುವುದಿಲ್ಲ. ತಮಿಳುನಾಡಿನ ವೆಲ್ಲೂರಿನಲ್ಲಿ ಕುಷ್ಠರೋಗಿಗಳ ಶುಶ್ರೂಷೆ ಮಾಡಿದ ಡಾಕ್ಟರ್ ಪಾಲ್ ಬ್ರ್ಯಾಂಡ್ ಅವರು ಸ್ಪರ್ಶ ಸತ್ತ ಕೈಕಾಲುಗಳನ್ನು ವರ್ಷಗಟ್ಟಲೆ ಪರೀಕ್ಷಿಸಿ, ಬೆರಳುಗಳನ್ನು ನಾಶಮಾಡುವುದು ಬಹುಮಟ್ಟಿಗೆ ನೋವಿನ ಅಭಾವವೇ ಎಂದು ತೋರಿಸಿದರು. ನೋವು ಕಾವಲುಗಾರನೆಂಬ ಆ ಪಾಠ ಮಧುಮೇಹಿಗಳ ಪಾದಕ್ಕೂ ಹಾಗೆಯೇ ಅನ್ವಯಿಸುತ್ತದೆ. ಕಾವಲುಗಾರನಿಲ್ಲದ ಮನೆಯವರು ತಾವೇ ಎಚ್ಚರವಾಗಿರಬೇಕು. ಅಂಥವರು ದಿನಕ್ಕೊಮ್ಮೆ ಬೆಳಕಿನಲ್ಲಿ ಕುಳಿತು ಅಂಗಾಲನ್ನೂ ಬೆರಳ ಸಂದುಗಳನ್ನೂ ಕಣ್ಣಾರೆ ನೋಡಿಕೊಳ್ಳುವುದು ಅಗತ್ಯ. ಬಾಗಲಾಗದವರಿಗೆ ಕನ್ನಡಿಯೋ ಮಕ್ಕಳೋ ನೆರವಾಗಬೇಕು.

ಇನ್ನು ಕೆಲವು ಚಿಹ್ನೆಗಳಿಗೆ ನಾಳೆಯೆಂಬುದಿಲ್ಲ. ಒಂದು ಕಾಲು ಹಠಾತ್ತಾಗಿ ತಣ್ಣಗೆ ಬಿಳಿಚಿಕೊಂಡು, ವಿಪರೀತ ನೋವಾಗಿ, ಮರಗಟ್ಟಿದರೆ ನಾಳ ಪೂರ್ತಿ ಮುಚ್ಚಿದೆಯೆಂದು ಶಂಕಿಸಬೇಕು. ಕಾಲು ಉಳಿಯುವುದು ಅಳಿಯುವುದು ಆಗ ಕೆಲವೇ ಗಂಟೆಗಳ ಲೆಕ್ಕ. ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ, ಬಿಸಿಯಾಗಿ, ಮೀನಖಂಡ ನೋಯತೊಡಗಿದರೆ ಒಳನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಆ ಗಡ್ಡೆ ಕಿತ್ತು ಶ್ವಾಸಕೋಶಕ್ಕೆ ಹೋದರೆ ಪ್ರಾಣಾಪಾಯ. ಈ ಎರಡು ಸಂದರ್ಭಗಳಲ್ಲಿ ಎಣ್ಣೆ ತಿಕ್ಕುತ್ತ ಕುಳಿತಿರದೆ ತತ್‌ಕ್ಷಣ ಆಸ್ಪತ್ರೆಗೆ ಧಾವಿಸತಕ್ಕದ್ದು.

ನಮ್ಮ ತಂದೆಯವರ ಕಥೆಗೆ ಮರಳುತ್ತೇನೆ. ಬೆರಳು ಕಪ್ಪಗಾದದ್ದನ್ನು ಕಂಡು ಕಾಲನ್ನೇ ತೆಗೆಯುವರೇನೋ ಎಂದು ನಾವು ನಡುಗಿದ್ದೆವು. ಆಗ ಆ ವೈದ್ಯರು ಒಂದು ಹಳೆಯ ಪ್ರಸಂಗವನ್ನು ಹೇಳಿ ಧೈರ್ಯ ತುಂಬಿದರು. ಅಮೆರಿಕದ ಪೋರ್ಟ್‌ಲೆಂಡ್ ನಗರದಲ್ಲಿ ೧೯೬೪ರ ಜನವರಿಯಲ್ಲಿ ೮೨ ವರ್ಷದ ವೃದ್ಧೆಯೊಬ್ಬಳ ಪಾದದ ಬೆರಳುಗಳು ಕಪ್ಪಗಾಗಿದ್ದುವು. ಕಾಲನ್ನು ಕತ್ತರಿಸಲು ಆಕೆ ಒಪ್ಪಲಿಲ್ಲ. ಚಾರ್ಲ್ಸ್ ಡಾಟರ್ ಎಂಬ ವೈದ್ಯ ಆಕೆಯ ತೊಡೆಯ ಅಪಧಮನಿಯೊಳಗೆ ತೆಳ್ಳನೆಯ ನಳಿಕೆಗಳನ್ನು ತೂರಿಸಿ, ಕಿರಿದಾದ ದಾರಿಯನ್ನು ಒಳಗಿನಿಂದಲೇ ಅಗಲಿಸಿದನು. ಪಾದ ಬೆಚ್ಚಗಾಯಿತು, ಹುಣ್ಣು ಮಾಯಿತು, ಆಕೆ ತನ್ನ ಕಾಲಿನ ಮೇಲೆಯೇ ನಡೆದಾಡಿಕೊಂಡಿದ್ದು ಕೆಲವು ವರ್ಷಗಳ ಮೇಲೆ ತೀರಿಕೊಂಡಳು. ಇಂದು ಹೃದಯದ ನಾಳಗಳನ್ನು ಬಲೂನಿನಿಂದ ಬಿಡಿಸುವ ಆಂಜಿಯೋಪ್ಲಾಸ್ಟಿ ಚಿಕಿತ್ಸೆಯನ್ನು ಕೇಳದವರಿಲ್ಲ. ಆ ಚಿಕಿತ್ಸೆ ಹುಟ್ಟಿದ್ದು ಹೃದಯಕ್ಕಾಗಿ ಅಲ್ಲ, ಒಬ್ಬ ಮುದುಕಿಯ ಪಾದಕ್ಕಾಗಿ. ನಮ್ಮ ತಂದೆಯವರಿಗೂ ಅದನ್ನೇ ಮಾಡಿದರು. ಎರಡು ಬೆರಳುಗಳು ಹೋದುವು, ಪಾದ ಉಳಿಯಿತು.

ಪಾದದ ನಾಳ ಮುಚ್ಚಿತೆಂದರೆ ಅದು ಪಾದದ ವಿಷಯ ಮಾತ್ರವಲ್ಲವೆಂಬುದನ್ನೂ ಅಲ್ಲಿಯೇ ತಿಳಿದೆ. ಕಾಲಿನಲ್ಲಿ ಜಿಡ್ಡು ಕಟ್ಟಿದ ದೇಹದಲ್ಲಿ ಹೃದಯದ, ಮೆದುಳಿನ ನಾಳಗಳೂ ಸಾಮಾನ್ಯವಾಗಿ ಶುದ್ಧವಾಗಿರುವುದಿಲ್ಲ. ಕಾಲು ನೋವೆಂದು ಕಡೆಗಣಿಸಿದವನಿಗೆ ಮುಂದೆ ಹೃದಯಾಘಾತವೋ ಪಾರ್ಶ್ವವಾಯುವೋ ಬಂದೀತು. ಇದರ ಕಾರಣಗಳಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕೊಬ್ಬು, ವಯಸ್ಸು ಇವೆಲ್ಲ ಇದ್ದರೂ ಹೊಗೆಸೊಪ್ಪಿನಷ್ಟು ಕ್ರೂರವಾದದ್ದು ಅಪರೂಪ. ತಂದೆಯವರು ನಲವತ್ತು ವರ್ಷ, ಹುಡುಗರ ಕಣ್ಣಿಗೆ ಬೀಳದಂತೆ, ಕೊಟ್ಟಿಗೆಯ ಹಿಂದೆ ನಿಂತು ಬೀಡಿ ಸೇದಿದ್ದರು. ಅದು ಅವರ ಒಂದೇ ಒಂದು ಗುಟ್ಟು ಎಂದು ನಾವು ಮಕ್ಕಳು ನಕ್ಕಿದ್ದೆವು. ಆಸ್ಪತ್ರೆಯಿಂದ ಬಂದ ದಿನವೇ ಬೀಡಿಯನ್ನು ಬಿಟ್ಟರು. ಮಾತ್ರೆಗಳ ಜೊತೆಗೆ ವೈದ್ಯರು ಬರೆದುಕೊಟ್ಟ ಇನ್ನೊಂದು ಔಷಧ ನಮ್ಮನ್ನು ಬೆರಗುಗೊಳಿಸಿತು: ಹುಣ್ಣು ಮಾಯ್ದ ಮೇಲೆ ನಡೆಯುವುದು! ನೋವು ಬರುವವರೆಗೆ ನಡೆದು, ನಿಂತು, ನೋವು ಹೋದ ಮೇಲೆ ಮತ್ತೆ ನಡೆಯುವುದು. ಹೀಗೆ ಅರ್ಧ ಮುಕ್ಕಾಲು ಗಂಟೆ, ವಾರಕ್ಕೆ ಮೂರು ದಿನಕ್ಕೆ ಕಡಮೆಯಿಲ್ಲದಂತೆ, ಮೂರು ತಿಂಗಳು. ಹೀಗೆ ಮಾಡಿದರೆ ನೋವಿಲ್ಲದೆ ನಡೆಯಬಲ್ಲ ದೂರ ಕ್ರಮೇಣ ಹೆಚ್ಚುತ್ತದೆ.

ಹೆಚ್ಚಿತು. ನಾಲ್ಕನೆಯ ಮನೆಯ ಜಗಲಿಯನ್ನು ದಾಟಿದರು, ಬಾವಿಕಟ್ಟೆಯನ್ನು ದಾಟಿದರು. ೨೦೧೫ರ ದಸರೆಯ ರಜೆಯಲ್ಲಿ ನಾನು ಊರಿಗೆ ಹೋದಾಗ ಇಬ್ಬರೂ ವೀರಗಲ್ಲಿನವರೆಗೆ ನಿಲ್ಲದೆ ಬಂದೆವು. ಅಲ್ಲಿ ಅವರು ತಾವಾಗಿಯೇ ನಿಂತರು. ‘ನೋವೇನಪ್ಪಾ?’ ಎಂದು ಗಾಬರಿಯಿಂದ ಕೇಳಿದೆ. ‘ಇಲ್ಲ ಕಣೋ, ಇದರಲ್ಲಿ ಏನು ಬರೆದಿದೆ ಅಂತ ಇವತ್ತಾದರೂ ನೋಡೋಣ ಅಂತ’ ಎಂದರು. ಮೊದಲ ಸಾಲಿನ ನಾಲ್ಕು ಅಕ್ಷರಗಳು ಮಾತ್ರ ನಮಗೆ ದಕ್ಕಿದುವು. ಆಮೇಲೆ ಮೂರು ವರ್ಷ ಅವರು ಬದುಕಿದ್ದರು. ಕೊನೆಯವರೆಗೂ ತಮ್ಮ ಕಾಲಿನ ಮೇಲೆಯೇ ಓಡಾಡಿದರು.

ಕೃಷ್ಣಾವತಾರದ ಅಂತ್ಯ ನೆನಪಾಗುತ್ತದೆ. ಮರದಡಿಯಲ್ಲಿ ಒರಗಿದ್ದವನ ಪಾದವನ್ನು ಕಂಡು ಅದು ಜಿಂಕೆಯೆಂದು ಬಗೆದು ಬೇಡನೊಬ್ಬ ಬಾಣ ಬಿಟ್ಟನು. ಅವನ ಹೆಸರು ಜರ. ಮುಪ್ಪಿಗೂ ಜರೆಯೆಂದೇ ಹೆಸರು. ಪಾದವನ್ನು ತಪ್ಪಾಗಿ ತಿಳಿದ ಆ ಬೇಡನ ಮೇಲೆ ನಾನು ಇನ್ನು ಕೋಪಿಸಿಕೊಳ್ಳಲಾರೆ. ನಾವೆಲ್ಲರೂ ಹಿರಿಯರ ಪಾದದ ಪ್ರತಿಯೊಂದು ನುಡಿಯನ್ನೂ ‘ಜರೆ’ ಎಂಬ ಒಂದೇ ಪದದಿಂದ ಮುಚ್ಚಿಬಿಡುವವರೇ.

ಈಗ ಹಬ್ಬದ ದಿನ ತಾಯಿಯವರಿಗೆ ನಮಸ್ಕರಿಸುವಾಗ ನಾನು ಕಣ್ಣು ಮುಚ್ಚುವುದಿಲ್ಲ. ಎರಡೂ ಪಾದಗಳನ್ನು ಎರಡು ಅಂಗೈಗಳಲ್ಲಿ ಹಿಡಿದು ಎರಡರ ಬಿಸಿಯೂ ಸಮನಾಗಿದೆಯೇ ಎಂದು ನೋಡುತ್ತೇನೆ. ಬೆರಳುಗಳ ನಡುವೆ ನೋಡುತ್ತೇನೆ. ‘ಎಷ್ಟು ಹೊತ್ತೋ ನಿನ್ನ ನಮಸ್ಕಾರ!’ ಎಂದು ಅವರು ನಗುತ್ತಾರೆ. ವಾಚಕರಲ್ಲಿ ತಂದೆತಾಯಿಗಳು ಬದುಕಿರುವ ಭಾಗ್ಯವಂತರು ಅನೇಕರಿರುತ್ತಾರೆ. ಮುಂದಿನ ಹಬ್ಬದಂದು ಅವರ ನಮಸ್ಕಾರವೂ ಒಂದಿಷ್ಟು ದೀರ್ಘವಾಗಲಿ.